ಬೋನಾಳದ ಕೆರೆಯನ್ನು ಕಾಯುವವರು ಯಾರು?

ಕಳೆದ ಡಿಸೆಂಬರ್ ತಿಂಗಳ ಕೊನೆಯ ವಾರ ಸುರಪುರದ ಸಮೀಪದ ಬೋನಾಳ ಕೆರೆಯ ಏರಿಯ ಮೇಲೆ ನಿಂತಿದ್ದಾಗ, ಕೆಳಗಿನ ಗದ್ದೆಯಿಂದ ಮೇಲೆ ಬಂದ ರೈತರೊಬ್ಬರು ನನ್ನ ಊರು, ಕಸುಬು ವಿಚಾರಿಸಿದರು. ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದವನು ಎಂದು ತಿಳಿದೊಡನೆ ಅವರ ಧಾಟಿ ಬದಲಾಯಿತು. 'ಸರಕಾರದಾಗ ಇದ್ದವರು ಅಂತೀರಿ. ನಮ್ಮ ಹೊಲದ ಬಾಜೂಕ ಕಾಲುವ್ಯಾಗ ಹೂಳು ತುಂಬ್ಯದ. ಅದು ತೆಗಸ್ಬೇಕಂದ್ರ ಯಾರಿಗಿ ಅರ್ಜಿ ಕೊಡ್ಬೇಕು, ಹೇಳ್ರಿ ಸಾಹೇಬ್ರ' ಎಂದರು.

ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದ ನನಗೆ ಒಂದೇ ಮಾತಿನಲ್ಲಿ ಉತ್ತರಿಸಲು ಆಗಲಿಲ್ಲ. ಕೆರೆಯ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆ. ನೀರಿನ ಮೇಲೆ ಕೂತ ಹಕ್ಕಿ ಅರಣ್ಯ ಇಲಾಖೆಯದು. ನೀರೊಳಗಿನ ಮೀನು ಮೀನುಗಾರಿಕೆ ಇಲಾಖೆಯದು. ಹಕ್ಕಿ ನೋಡಲು ಬಂದ ನನ್ನಂಥವನು ಪ್ರವಾಸೋದ್ಯಮ ಇಲಾಖೆಯ ಲೆಕ್ಕಕ್ಕೆ ಸೇರುತ್ತೇನೆ. ಕೆರೆಯಂಗಳದ ಒತ್ತುವರಿಯ ಪ್ರಶ್ನೆ ಬಂದರೆ ತಹಶೀಲ್ದಾರರು. ಇದನ್ನೆಲ್ಲ ವಿವರಿಸುತ್ತಿರುವಾಗ ನನಗೇ ಮುಜುಗರವಾಗತೊಡಗಿತು. ಆತ ಸಮಾಧಾನದಿಂದ ಕೇಳಿ, 'ಅಷ್ಟ್ ಮಂದಿ ಇದ್ದಾರಂದ್ರ ಒಬ್ರೂ ಇಲ್ಲ ಅಂದಂಗಾತು ಬಿಡ್ರಿ' ಎಂದು ಹೇಳಿ, ಎಮ್ಮೆಗಳನ್ನು ಹೊಡೆದುಕೊಂಡು ಹೋದರು.

ಬೋನಾಳದ ಹೆಸರು ಬೆಂಗಳೂರಿನ ಓದುಗರಲ್ಲಿ ಬಹಳ ಮಂದಿಗೆ ಪರಿಚಿತವಿರಲಾರದು. ರಂಗನತಿಟ್ಟು ಗೊತ್ತು, ಕೊಕ್ಕರೆಬೆಳ್ಳೂರು ಗೊತ್ತು. ಕೃಷ್ಣಾ–ಭೀಮಾ ನದಿಗಳ ಆಸುಪಾಸಿನ ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಸಗರನಾಡು ಎಂಬ ಹಳೆಯ ಹೆಸರಿದೆ; ಶಹಾಪುರ ತಾಲ್ಲೂಕಿನ ಸಗರ ಎಂಬ ಊರೇ ಈ ನಾಡಿಗೆ ಹೆಸರು ಕೊಟ್ಟದ್ದು. 2010ರಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಪತ್ರಿಕೆಗಳಲ್ಲಿ ಈ ಸೀಮೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ: ಬರ, ಗುಳೆ ಮತ್ತು ಹತ್ತನೇ ತರಗತಿಯ ಫಲಿತಾಂಶ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀಡಿದ ವರದಿಯಲ್ಲಿ ಈ ಮೂರೂ ತಾಲ್ಲೂಕುಗಳು 'ಅತ್ಯಂತ ಹಿಂದುಳಿದ' 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಆ ಪಟ್ಟಿಯ ನೆರಳಿನಿಂದ ಹೊರಗಿಟ್ಟು ಈ ನಾಡನ್ನು ನೋಡುವ ಅಭ್ಯಾಸ ನಮಗಿಲ್ಲ. ನನಗೂ ಇರಲಿಲ್ಲ.

ನಾನು ಬೋನಾಳಕ್ಕೆ ಮೊದಲು ಹೋದದ್ದು 1980ರ ದಶಕದ ಮಧ್ಯದಲ್ಲಿ, ಹೊಸದಾಗಿ ಸೇವೆಗೆ ಸೇರಿದ್ದ ಕಾಲದಲ್ಲಿ. ಅಂದಿನ ಟಿಪ್ಪಣಿ ಪುಸ್ತಕ ಈಗಲೂ ನನ್ನಲ್ಲಿದೆ. ಅದರಲ್ಲಿ ನೀರಿನ ಕರದ ಬಾಕಿ ಇದೆ, ಏರಿಯ ಮೇಲೆ ಬೆಳೆದ ಜಾಲಿಯ ಬಗ್ಗೆ ಒಂದು ಸಾಲು ಇದೆ. ಹಕ್ಕಿಗಳ ಬಗ್ಗೆ ಒಂದಕ್ಷರವೂ ಇಲ್ಲ. ಅವು ಆಗ ಇರಲಿಲ್ಲವೆಂದಲ್ಲ. ಆಡಳಿತದ ಕಣ್ಣಿಗೆ ಬಾಕಿ ಕಾಣುತ್ತಿತ್ತು, ಹಕ್ಕಿ ಕಾಣುತ್ತಿರಲಿಲ್ಲ.

ಈ ಬಾರಿ ಬೆಳಗಿನ ಆರೂವರೆಗೆ ಏರಿಯ ಮೇಲಿದ್ದೆ. ಮಂಜು ಇನ್ನೂ ನೀರಿನ ಮೇಲೆ ಹರಡಿತ್ತು. ಮೊದಲು ಕಣ್ಣಿಗಿಂತ ಕಿವಿಗೆ ಕೆಲಸ. ಜೊಂಡಿನ ಒಳಗಿನಿಂದ ನೀಲಿ ಜಂಬುಕೋಳಿಗಳ ಗದ್ದಲ, ದೂರದಲ್ಲಿ ಹೆಬ್ಬಾತುಗಳ ಗೊಗ್ಗರು ದನಿ. ಬಿಸಿಲೇರಿದಂತೆ ಒಂದೊಂದೇ ಆಕೃತಿ ಬಿಡಿಸಿಕೊಂಡಿತು: ಹಣೆಯ ಮೇಲೆ ಬಿಳಿ ನಾಮ ತೊಟ್ಟ ನಾಮದ ಕೋಳಿಗಳು, ರೆಕ್ಕೆ ಹರಡಿ ಒಣಗಿಸುತ್ತ ಕೂತ ನೀರುಕಾಗೆಗಳು, ಕತ್ತು ಮಾತ್ರ ಹೊರಗಿಟ್ಟು ಈಜುವ ಹಾವಕ್ಕಿ, ಎಲೆಗಳ ಮೇಲೆ ಉದ್ದುದ್ದ ಬೆರಳೂರಿ ನಡೆಯುವ ದೇವನಕ್ಕಿ, ದಡದ ತೆಳುನೀರಿನಲ್ಲಿ ಬೂದು ಬಕ ಮತ್ತು ಬಣ್ಣದ ಕೊಕ್ಕರೆಗಳು. ಗೆರೆತಲೆ ಹೆಬ್ಬಾತುಗಳು ಸಮೀಪದ ಹೊಲಗಳಲ್ಲಿ ಮೇಯ್ದು ಗುಂಪಾಗಿ ಕೆರೆಗೆ ಇಳಿದವು. ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ಹಾರಿ ದಾಟಿ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಹಲವರಿಗೆ ನೆನಪಿರಬಹುದು.

ಇಷ್ಟೆಲ್ಲ ಹಕ್ಕಿಗಳನ್ನು ಕರೆಸಿಕೊಂಡ ಈ ನೀರು ಪ್ರಕೃತಿ ತಾನಾಗಿ ಕೊಟ್ಟದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಬೋನಾಳ ಕೆರೆಯನ್ನು 17ನೇ ಶತಮಾನದಲ್ಲಿ ಕಟ್ಟಿಸಿದವನು ಸುರಪುರದ ಅರಸು ಪಾಮನಾಯಕ. 19ನೇ ಶತಮಾನದಲ್ಲಿ ಅದರ ವಿನ್ಯಾಸವನ್ನು ಮಾರ್ಪಡಿಸಿ ಸುಧಾರಿಸಿದವನು ಫಿಲಿಪ್ ಮೆಡೋಸ್ ಟೇಲರ್. ಇಬ್ಬರ ಉದ್ದೇಶವೂ ಬೇಸಾಯವೇ. ಹಕ್ಕಿಗಳು ಆಮೇಲೆ ತಾವಾಗಿ ಬಂದವು. ಹೊಲಕ್ಕೆಂದು ಕಟ್ಟಿದ ನೀರು ಇಳಿಜಾರಿನ ನೆಲದಲ್ಲಿ ಹರಡಿ ನಿಂತು, ಅಂಚಿನಲ್ಲಿ ಮೊಣಕಾಲುದ್ದದ ತೆಳುನೀರನ್ನು ಉಳಿಸಿದ್ದರಿಂದಲೇ ಕೊಕ್ಕರೆಗೆ ಕಾಲೂರಲು ಜಾಗ ಸಿಕ್ಕಿತು.

ಟೇಲರ್‌ನ ವಿಷಯ ಬಂದುದರಿಂದ ಎರಡು ಮಾತು. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಭಾರತಕ್ಕೆ ಬಂದು, ನಿಜಾಮನ ಸೇವೆ ಸೇರಿದ ಈತ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕಾನೂನು, ಭೂಮಾಪನ, ಪುರಾತತ್ವ ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತ. ಠಕ್ಕರನ್ನು ಕುರಿತು 1839ರಲ್ಲಿ ಪ್ರಕಟಿಸಿದ ಕಾದಂಬರಿ ಅವನಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದಿತು. ಅರಸು ಕೃಷ್ಣಪ್ಪ ನಾಯಕರ ನಿಧನದ ನಂತರ, ಬಾಲಕ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನೋಡಿಕೊಳ್ಳಲು 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಇದ್ದ. ರಾಣಿ ಈಶ್ವರಮ್ಮನವರೊಡನೆ ಅವನಿಗೆ ಹೊಂದಾಣಿಕೆಯಾಗಲಿಲ್ಲ. ಅವನ ಆತ್ಮಕಥೆಯಲ್ಲಿ ರಾಣಿಯ ಚಿತ್ರಣ ಏಕಪಕ್ಷೀಯವಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಬಾಲಕ ಅರಸು ಅವನನ್ನು 'ಅಪ್ಪಾ' ಎನ್ನುತ್ತಿದ್ದರು. ಅದೇ ವೆಂಕಟಪ್ಪ ನಾಯಕರು 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತರು. ಸೋಲಾಯಿತು, ಹೈದರಾಬಾದಿನಲ್ಲಿ ಸೆರೆಯಾದರು. ಮರಣದಂಡನೆ ಕ್ರಮೇಣ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿದ ಮೇಲೆ, ಸೆರೆಮನೆಗೆ ಸಾಗುವ ದಾರಿಯಲ್ಲಿ ಗುಂಡೇಟಿನಿಂದ ಅಸುನೀಗಿದರು. ಅದು ಆತ್ಮಹತ್ಯೆಯೆಂದು ಟೇಲರ್ ಬರೆದ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಗುಡ್ಡದ ಮೇಲೆ ಟೇಲರ್ ಕಟ್ಟಿಸಿದ ಬಂಗಲೆ ಇಂದಿಗೂ ಇದೆ. ಅಲ್ಲಿಂದ ಊರಿನ ಅರಮನೆಯನ್ನೂ ಸುತ್ತಲ ಬೆಟ್ಟಗಳನ್ನೂ ನೋಡುವಾಗ, ಆ ಇಬ್ಬರ ಸಂಬಂಧದ ವಿಚಿತ್ರ ದುಃಖ ಮನಸ್ಸಿಗೆ ತಟ್ಟದಿರದು.

ಬೋನಾಳಕ್ಕೆ ಬಂದವರು ಒಂದೆರಡು ದಿನ ಉಳಿದುಕೊಂಡರೆ ನೋಡಲು ಬೇಕಾದಷ್ಟಿದೆ. ಸುರಪುರದ ಹತ್ತಿರವೇ ವಾಗಿಣಗೇರಾ. 1705ರಲ್ಲಿ ವಯೋವೃದ್ಧ ಔರಂಗಜೇಬ ಸ್ವತಃ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಹೆಣಗಿದ ಕೋಟೆ ಅದು. ಬೇಡ ನಾಯಕರ ಕೈಯಿಂದ ಕೋಟೆ ಸಿಕ್ಕಿತು, ಪಿಡ್ಡನಾಯಕ ಸಿಗಲಿಲ್ಲ, ರಾತ್ರೋರಾತ್ರಿ ಪಾರಾಗಿದ್ದ. ಅದೇ ಬಾದಶಹನ ಕೊನೆಯ ಗೆಲುವು. ಅಲ್ಲಿಂದ ದೇವಾಪುರದಲ್ಲಿ ಬಿಡಾರ ಹೂಡಿ ಕಾಯಿಲೆ ಬಿದ್ದ ಅವನು ಚೇತರಿಸಿಕೊಂಡು ಉತ್ತರಕ್ಕೆ ಹೊರಟು, 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ಶಹಾಪುರದ ಹತ್ತಿರ ಹೆದ್ದಾರಿಯಿಂದ ಕಾಣುವ ಬೆಟ್ಟಸಾಲು ಮಲಗಿದ ಬುದ್ಧನಂತೆ ತೋರುತ್ತದೆ. ಪ್ರವಾಸಿಗಳು ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಇಟ್ಟು ಹೋದ ಬಯಲಿದೆ. ಅಲ್ಲಿಗೆ ಹೋಗುವವರು ಕಡಿಮೆ. ಶಿರವಾಳದ ದೇವಾಲಯಗಳು, ತಿಂಥಣಿಯ ಮೌನೇಶ್ವರ, ದಾಸಿಮಯ್ಯನ ಮುದನೂರು ಇವೆಲ್ಲ ಒಂದೆರಡು ಗಂಟೆಗಳ ದಾರಿಯೊಳಗೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚಿನದು ಹುಣಸಗಿ ಸೀಮೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಈ ಕಣಿವೆಯಲ್ಲಿ ನಡೆದಾಡಿ, ಆದಿಮಾನವನ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಯಾಗಾರವೇ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ. ಆ ಜನ ಈ ಒಣಸೀಮೆಯಲ್ಲಿ ನಿಂತದ್ದೇಕೆ ಎಂಬುದಕ್ಕೆ ಪದ್ದಯ್ಯ ಅವರು ಕೊಡುವ ಮುಖ್ಯ ಕಾರಣಗಳಲ್ಲಿ ಒಂದು, ಬೇಸಿಗೆಯಲ್ಲೂ ಬತ್ತದ ನೀರಿನ ಒರತೆಗಳು. ಸಮೀಪದ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನ ಸಾಕುತ್ತಿದ್ದವರು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬವಿದೆ. ನೀರು, ಅದರ ಸುತ್ತ ದನ, ಅದರ ಸುತ್ತ ಜನ: ಸಗರನಾಡಿನ ಚರಿತ್ರೆ ಹೀಗೆ ಬೆಳೆದಿದೆ. ಬೋನಾಳವನ್ನು ನೋಡಬೇಕಾದದ್ದೂ ಹೀಗೆಯೇ ಎಂದು ನನಗನ್ನಿಸುತ್ತದೆ. ಜನ, ದನಗಳನ್ನು ಆಚೆಗಟ್ಟಿ ಉಳಿಸಬಹುದಾದ ನೀರು ಇದಲ್ಲ.

ಇದು ಬರಿಯ ಭಾವನೆಯ ಮಾತಲ್ಲ ಎಂಬುದಕ್ಕೆ ರಾಜಸ್ಥಾನದ ಭರತಪುರದ ಅನುಭವವಿದೆ. ಕೇವಲಾದೇವ ಪಕ್ಷಿಧಾಮವೂ ಬೋನಾಳದಂತೆ ಅರಸರು ನೀರು ಹರಿಸಿ ಮಾಡಿದ್ದು. 1981ರಲ್ಲಿ ಅದು ರಾಮ್ಸಾರ್ ಪಟ್ಟಿ ಸೇರಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಈ ನಡುವೆ 1982ರಲ್ಲಿ ಅಲ್ಲಿ ದನ ಮೇಯಿಸುವುದನ್ನು ನಿಷೇಧಿಸಲಾಯಿತು. ಸುತ್ತಲ ಹಳ್ಳಿಗರು ಪ್ರತಿಭಟಿಸಿದರು, ಪೊಲೀಸ್ ಗೋಲಿಬಾರ್ ಆಯಿತು, ಜೀವಗಳು ಹೋದವು. ಆಮೇಲೆ ಆದದ್ದೇನು? ಎಮ್ಮೆಗಳ ಬಾಯಿಗೆ ಹೋಗುತ್ತಿದ್ದ ಹುಲ್ಲು ಕೆರೆಯನ್ನೇ ನುಂಗತೊಡಗಿತು. ತೆರೆದ ನೀರು ಕಡಿಮೆಯಾಗಿ ಹಕ್ಕಿಗಳಿಗೇ ತೊಂದರೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವರ್ಷಗಳ ಅಧ್ಯಯನದ ನಂತರ, ಎಮ್ಮೆಗಳ ಮೇಯುವಿಕೆ ಆ ಜೌಗುನೆಲಕ್ಕೆ ಉಪಕಾರಿಯಾಗಿತ್ತೆಂಬ ತೀರ್ಮಾನಕ್ಕೆ ಬಂದರು. ಸದುದ್ದೇಶದ ಒಂದು ಆದೇಶ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ನಮ್ಮದೇ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಇದಕ್ಕೆ ವಿರುದ್ಧವಾದ ದೃಶ್ಯ ಕಾಣಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಮರದ ಫಸಲು ಬಿಟ್ಟುಕೊಟ್ಟದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ.

ಬೋನಾಳದಲ್ಲಿ ನಾನು ಕಂಡದ್ದು ಹೀಗಿದೆ. ಕೆರೆಯ ಒಂದು ಪಾರ್ಶ್ವದಲ್ಲಿ ಜೊಂಡು ದಟ್ಟವಾಗಿ ಮುಂದೊತ್ತಿ ಬರುತ್ತಿದೆ. ಸುತ್ತ ಭತ್ತದ ಗದ್ದೆಗಳಿವೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಯ ಬೇಸಾಯದ ಮುಖವೇ ಬದಲಾಯಿತು. ಹಗುರ ನೀರಾವರಿ ಬೆಳೆಗಳಿಗೆಂದು ರೂಪಿಸಿದ ಯೋಜನೆಯಲ್ಲಿ ಮೇಲ್ಭಾಗದವರು ಭತ್ತ ಬೆಳೆದರು, ಕಾಲುವೆಯ ತುದಿಯವರು ಆಕಾಶ ನೋಡಿದರು. ಈ ತಪ್ಪನ್ನು ರೈತರ ಮೇಲೆ ಹೊರಿಸುವುದು ಸುಲಭ. ಭತ್ತಕ್ಕೆ ಖರೀದಿಯ ಭರವಸೆ ಇದೆ, ಜೋಳಕ್ಕೆ ಅಷ್ಟಿಲ್ಲ ಎಂಬುದನ್ನು ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಗದ್ದೆಯಿಂದ ಬಸಿದು ಬರುವ ನೀರಿನೊಡನೆ ರಸಗೊಬ್ಬರವೂ ಕೀಟನಾಶಕವೂ ತಗ್ಗಿನ ಕೆರೆಗೇ ಸೇರಬೇಕು. ಗೊಬ್ಬರ ಉಂಡ ಜೊಂಡು ಹಿಗ್ಗದೆ ಇನ್ನೇನು ಮಾಡೀತು?

ಇಂಥ ಕೆರೆಗೆ ಕಾನೂನಿನ ಆಸರೆ ಇದೆಯೇ ಎಂದು ಹುಡುಕಿದರೆ ಸೋಜಿಗದ ಸಂಗತಿಯೊಂದು ಎದುರಾಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಜೌಗುಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆಯ ನಿಯಮಗಳು, ನೀರಾವರಿಗೆಂದೇ ಮನುಷ್ಯ ನಿರ್ಮಿಸಿದ ಜಲಾಶಯಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಪಾಮನಾಯಕ ಹೊಲಕ್ಕೆಂದು ಕಟ್ಟಿಸಿದ್ದೇ ಬೋನಾಳದ ಅಪರಾಧ! ಹಾಗೆ ನೋಡಿದರೆ ಗದಗ ಜಿಲ್ಲೆಯ ಮಾಗಡಿ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ನೀರಾವರಿಗೆ ಕಟ್ಟಿದವೇ. ಅವೆರಡೂ 2024ರ ಜನವರಿಯಲ್ಲಿ ಅಘನಾಶಿನಿಯೊಡನೆ ರಾಮ್ಸಾರ್ ಪಟ್ಟಿಗೆ ಸೇರಿದವು. ಅಂದರೆ ಮನಸ್ಸಿದ್ದರೆ ದಾರಿ ಇದೆ. ಮಾಗಡಿಗೂ ಬರುವುದು ಇದೇ ಗೆರೆತಲೆ ಹೆಬ್ಬಾತು.

ಆದರೆ ಪಟ್ಟಿಗೆ ಸೇರಿಸುವುದೇ ಪರಿಹಾರವೆಂದು ನಾನು ವಾದಿಸುತ್ತಿಲ್ಲ. ನನ್ನ ತಕರಾರು ಬೇರೆ ಇದೆ, ಮತ್ತು ಅದರಲ್ಲಿ ನನ್ನ ಪಾಲೂ ಇದೆ. 1990ರ ದಶಕದ ಕೊನೆಯಲ್ಲಿ ನಾನು ಆಯವ್ಯಯದ ಪ್ರಸ್ತಾವಗಳನ್ನು ಪರಿಶೀಲಿಸುವ ಸ್ಥಾನದಲ್ಲಿದ್ದೆ. ಆಗ ಸರ್ಕಾರದ ವೆಚ್ಚವನ್ನು 'ಯೋಜನಾ' ಮತ್ತು 'ಯೋಜನೇತರ' ಎಂದು ಎರಡು ಮಾಡುತ್ತಿದ್ದರು. ಹೊಸತಾಗಿ ಕಟ್ಟುವುದು ಬಹುಮಟ್ಟಿಗೆ ಯೋಜನೆ. ಕಟ್ಟಿದ್ದನ್ನು ಕಾಯುವುದು ಯೋಜನೇತರ. ಯೋಜನೇತರ ಎಂದರೆ ದುಂದು ಎಂಬ ಭಾವನೆ ನಮ್ಮೆಲ್ಲರಲ್ಲಿತ್ತು. ಹಣದ ಮುಗ್ಗಟ್ಟಾದಾಗ ಮೊದಲು ಕತ್ತರಿ ಬೀಳುತ್ತಿದ್ದುದು ಅದಕ್ಕೇ. ಕೆರೆಗಳ ವಾರ್ಷಿಕ ದುರಸ್ತಿ, ಕಾಲುವೆಯ ಹೂಳೆತ್ತುವುದು, ದಿನಗೂಲಿ ಕಾವಲುಗಾರರ ವೇತನ ಎಂಬ ಸಾಲುಗಳ ಎದುರು 'ಮುಂದೂಡಬಹುದು' ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ. ಮುಂದೂಡಿದ್ದು ಎಂದೂ ಬರಲಿಲ್ಲ. ಅದೇ ಕಡತದಲ್ಲಿ ಹೊಸ ಕಟ್ಟಡಗಳಿಗೆ ಒಪ್ಪಿಗೆ ಕೊಟ್ಟದ್ದೂ ನೆನಪಿದೆ. ಕಟ್ಟಡಕ್ಕೆ ಶಂಕುಸ್ಥಾಪನೆ ಇರುತ್ತದೆ, ಉದ್ಘಾಟನೆ ಇರುತ್ತದೆ, ಹೂಳು ತೆಗೆದದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. 2017ರಲ್ಲಿ ಆ ವಿಂಗಡಣೆ ರದ್ದಾಯಿತು. ವಿಂಗಡಣೆ ಹೋದರೂ ಅದು ಕಲಿಸಿದ ಅಭ್ಯಾಸ ಹೋಗಿಲ್ಲ ಎಂಬ ಗುಮಾನಿ ನನಗಿದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಲೆಕ್ಕ ಬಲ್ಲವರು. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಪ್ರಸ್ತಾಪದ ಜೊತೆಗೇ ಅದರ ಪೋಷಣೆಯ ಏರ್ಪಾಟೂ ಬರುತ್ತದೆ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡುವವರಿಗೆ ಬಿಟ್ಟ ಜಮೀನು ಕಟ್ಟುಗೊಡಗೆ. ಕೆರೆಯ ನಿರ್ವಹಣೆಗೆ ಅಚ್ಚುಕಟ್ಟಿನಿಂದ ಸಲ್ಲುತ್ತಿದ್ದುದು ಬಿತ್ತುವಟ್ಟ. ಹೂಳು ಹೊರುವ ಬಂಡಿಗೂ ದತ್ತಿ ಬಿಟ್ಟದ್ದುಂಟು. ಹಳೆಯ ಮೈಸೂರು ಸೀಮೆಯ ನೀರಗಂಟಿ ಮೊನ್ನೆ ಮೊನ್ನೆಯವರೆಗೂ ಇದ್ದವನು. ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರು 1990ರ ತಮ್ಮ ಪುಸ್ತಕದಲ್ಲಿ ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳಂಥ ಉದಾಹರಣೆಗಳನ್ನಿಟ್ಟುಕೊಂಡು, ಬಳಸುವವರೇ ನಿಯಮ ಮಾಡಿ ಕಾಯ್ದುಕೊಂಡ ಸಾಮೂಹಿಕ ಸಂಪತ್ತು ಶತಮಾನಗಟ್ಟಲೆ ಬಾಳಿದೆ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಆ ವಿಭಾಗದಲ್ಲಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ನಾನು ಎಂ.ಎ. ಓದುವಾಗ ಸಾಮೂಹಿಕ ಆಸ್ತಿ ಹಾಳಾಗುವುದೇ ನಿಯಮವೆಂದು ಕಲಿಸಿದ್ದರು. ಅದನ್ನೇ ನಂಬಿಕೊಂಡು ಸೇವೆಯೆಲ್ಲ ಮುಗಿಸಿದೆ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಶಾಲೆಗೆ ಶಿಕ್ಷಕರಿಲ್ಲದ, ಆಸ್ಪತ್ರೆಗೆ ವೈದ್ಯರಿಲ್ಲದ ಸೀಮೆಯಲ್ಲಿ ಹಕ್ಕಿಗಳ ಮಾತೇಕೆ? 371(ಜೆ) ವಿಧಿಯ ತಿದ್ದುಪಡಿಯ ನಂತರ ಈ ಭಾಗಕ್ಕೆ ಬರುವ ಹಣ ಮೊದಲು ಅಲ್ಲಿಗೇ ಹೋಗಲಿ ಎನ್ನುವವರ ಮಾತನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಪ್ರವಾಸೋದ್ಯಮದಿಂದ ಬೋನಾಳದ ಜನ ಶ್ರೀಮಂತರಾಗುತ್ತಾರೆ ಎಂಬ ಭಾಷಣದಲ್ಲೂ ನನಗೆ ನಂಬಿಕೆಯಿಲ್ಲ. ನಾನು ಎರಡು ದಿನಗಳಲ್ಲಿ ಆ ಊರಿನಲ್ಲಿ ಖರ್ಚು ಮಾಡಿದ್ದು ಚಹಾ, ಮಿರ್ಚಿ ಭಜಿ ಮತ್ತು ಒಂದು ಸೀಸೆ ನೀರಿಗೆ ಮಾತ್ರ. ಉಳಿದ ಹಣವೆಲ್ಲ ವಸತಿಗೃಹಕ್ಕೆ, ಕಾರಿಗೆ ಹೋಯಿತು. ಕೆರೆಯ ಬೆಲೆಯನ್ನು ಕಟ್ಟಬೇಕಾದದ್ದು ಬೇರೆ ಲೆಕ್ಕದಲ್ಲಿ: ಸುತ್ತಲ ಬಾವಿ, ಕೊಳವೆಬಾವಿಗಳಿಗೆ ಇಂಗುವ ನೀರು, ಎಮ್ಮೆಗಳಿಗೆ ಮೇವು, ಮೀನು, ತಗ್ಗಿನ ಹೊಲಕ್ಕೆ ಹರಿವ ನೀರು. ಇಷ್ಟನ್ನು ಉಳಿಸಲು ಮಾಡುವ ವೆಚ್ಚದಲ್ಲಿಯೇ ಹಕ್ಕಿಯೂ ಉಳಿಯುತ್ತದೆ. ಹಕ್ಕಿಗೆಂದು ಪ್ರತ್ಯೇಕ ಖರ್ಚು ಬಹಳ ಕಡಿಮೆ.

ಹಾಗಾದರೆ ಮಾಡಬೇಕಾದದ್ದೇನು? ವಿದ್ಯುದ್ದೀಪಗಳ ಉದ್ಯಾನ, ಸಿಮೆಂಟಿನ ಕೊಕ್ಕರೆಯ ಬೊಂಬೆ, ಮೋಟಾರು ದೋಣಿ ಇವನ್ನು ಬೇರೆಡೆ ನೋಡಿದ್ದೇನೆ. ಬೋನಾಳಕ್ಕೆ ದಯವಿಟ್ಟು ಬೇಡ. ದೋಣಿಯ ಸದ್ದಿಗೆ ಹೆಬ್ಬಾತು ಕೂರುವುದಿಲ್ಲ. ಏರಿಯ ಬಳಿ ಒಂದು ಗುರುತುಗಲ್ಲು ನೆಟ್ಟು, ನವೆಂಬರಿನಿಂದ ಫೆಬ್ರುವರಿಯವರೆಗೆ ನೀರು ಯಾವ ಮಟ್ಟಕ್ಕಿಂತ ಇಳಿಯಬಾರದು ಎಂಬುದನ್ನು ಅಚ್ಚುಕಟ್ಟಿನ ರೈತರೂ ಅಧಿಕಾರಿಗಳೂ ಒಟ್ಟಿಗೆ ಕೂತು ನಿರ್ಧರಿಸಲಿ. ಅದಕ್ಕಾಗಿ ರೈತರು ಬಿಟ್ಟುಕೊಡುವ ನೀರಿಗೆ ಮತ್ತು ಹೆಬ್ಬಾತು ಮೇಯ್ದ ಬೆಳೆಗೆ ಪರಿಹಾರ ಸಲ್ಲಲಿ. ಬೇಸಿಗೆಯಲ್ಲಿ ಎಮ್ಮೆ ಮೇಯಲಿ, ಜೊಂಡು ಕೊಯ್ಯಲು ಊರಿನವರಿಗೇ ಕೂಲಿ ಸಿಗಲಿ. ಮೀನಿನ ಗುತ್ತಿಗೆಯ ಹಣದಲ್ಲಿ ಒಂದು ಪಾಲು ಕೆರೆಯ ಲೆಕ್ಕದಲ್ಲೇ ಉಳಿಯಲಿ. ವರ್ಷವಿಡೀ ಸಂಬಳ ಪಡೆಯುವ ಇಬ್ಬರು ಸ್ಥಳೀಯ ಕಾವಲುಗಾರರು ಬೇಕು. ಅವರಿಗೆ ತೂಬು, ಕಾಲುವೆ, ಹಕ್ಕಿ, ಮೀನು ನಾಲ್ಕೂ ಗೊತ್ತಿರಬೇಕು. ಇಲಾಖೆಗಳು ನಾಲ್ಕಿರಲಿ, ಅಡ್ಡಿಯಿಲ್ಲ. ಅರ್ಜಿ ತೆಗೆದುಕೊಳ್ಳುವ ಕೈ ಮಾತ್ರ ಒಂದೇ ಆಗಬೇಕು. ಜಿಲ್ಲಾಧಿಕಾರಿಯ ಒಂದು ಆದೇಶದಿಂದ ಆಗಬಹುದಾದ ಏರ್ಪಾಟು ಅದು. ಇದೇ ಮಾತು ವಾಗಿಣಗೇರಾಕ್ಕೂ ವಿಭೂತಿಹಳ್ಳಿಗೂ ಸಲ್ಲುತ್ತದೆ. ಅಲ್ಲಿ ಬೇಕಾದದ್ದೂ ಒಬ್ಬ ಕಾವಲುಗಾರ, ಮುಳ್ಳುಕಂಟಿ ಕಡಿಯುವ ವಾರ್ಷಿಕ ಮೊತ್ತ, ಕನ್ನಡದಲ್ಲಿ ಸರಿಯಾಗಿ ಬರೆದ ಒಂದು ಫಲಕ.

ಎರಡನೆಯ ದಿನ ಸಂಜೆ ಮತ್ತೆ ಕೆರೆಗೆ ಹೋಗಿದ್ದೆ. ಹಿಂದಿನ ದಿನದ ರೈತರು ಸಿಕ್ಕರು. ಜೊತೆಗೆ ಅವರ ಮೊಮ್ಮಗ, ಏಳೆಂಟು ವರ್ಷದವನು. ನನ್ನ ದುರ್ಬೀನನ್ನು ಅವನ ಕೈಗೆ ಕೊಟ್ಟೆ. ಅವನು ಬಹಳ ಹೊತ್ತು ಹೆಬ್ಬಾತುಗಳನ್ನು ನೋಡಿ, ತಲೆಯ ಮೇಲಿನ ಎರಡು ಕರಿ ಗೆರೆಗಳನ್ನು ತಾನೇ ಎಣಿಸಿ ಹೇಳಿದ. ಅಜ್ಜ ದುರ್ಬೀನು ಮುಟ್ಟಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಈ ವರ್ಷ ಹಕ್ಕಿ ಬಂದದ್ದು ತಡ, ಹೋದ ವರ್ಷ ಇಷ್ಟು ಹೊತ್ತಿಗೆ ಇನ್ನೂ ಆಚೆ ದಂಡೆಯವರೆಗೆ ನೀರಿತ್ತು, ಜೊಂಡು ಅಲ್ಲಿಯ ಬೇವಿನ ಮರದ ನೇರಕ್ಕೆ ಬಂದದ್ದು ಮೂರು ಮಳೆಗಾಲದೊಳಗೆ ಎಂದು ಕೈ ಚಾಚಿ ತೋರಿಸುತ್ತ ಹೋದರು. ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಇರಬೇಕಾಗಿದ್ದ ವಿವರಗಳು ಅವು. ಕಾಲುವೆಯ ಅರ್ಜಿ ಬರೆದುಕೊಡುತ್ತೇನೆಂದೆ. 'ಬರೀರಿ, ಆದ್ರ ಯಾರಿಗಂತ ಬರೀತೀರಿ?' ಎಂದರು. ಕೊನೆಗೆ ಜಿಲ್ಲಾಧಿಕಾರಿಯವರನ್ನು ಸಂಬೋಧಿಸಿ ಬರೆದು, ಪ್ರತಿಗಳನ್ನು ಐದು ಕಚೇರಿಗಳಿಗೆ ಗುರುತಿಸಿ, ಅವರ ಹೆಬ್ಬೆಟ್ಟಿಗೆ ಜಾಗ ಬಿಟ್ಟೆ. ಅವರು ಪೆನ್ನು ಕೇಳಿ ಪಡೆದು, ನಿಧಾನವಾಗಿ, ದುಂಡಗಿನ ಅಕ್ಷರಗಳಲ್ಲಿ ಸಹಿ ಮಾಡಿದರು.